ಸೊನ್ನೆ ಹಾಕಿ ಗುಣಪಡಿಸಿದ ಊರು

ಮೂವತ್ತೆರಡು ವರ್ಷ ಆರೋಗ್ಯ ಇಲಾಖೆಯಲ್ಲಿದ್ದೆ. ಒಬ್ಬರಿಗೂ ಇಂಜೆಕ್ಷನ್ ಚುಚ್ಚಿಲ್ಲ, ಒಂದು ಗಾಯ ತೊಳೆದಿಲ್ಲ, ರಕ್ತ ಕಂಡರೆ ಇವತ್ತಿಗೂ ತಲೆ ಸುತ್ತುತ್ತದೆ. ಆದರೂ ಒಂದು ಸಲ ಒಂದಿಡೀ ಊರಿನ ಕಾಯಿಲೆಯನ್ನು ಕುರ್ಚಿ ಬಿಟ್ಟು ಏಳದೆ ವಾಸಿ ಮಾಡಿದ್ದೇನೆ. ಯಾವ ಡಾಕ್ಟರಿಗೂ ಆಗದ ಆ ಕೆಲಸ ನನ್ನಿಂದ ಹೇಗಾಯಿತೆಂದು ಹೇಳಲಿಕ್ಕೇ ಇದನ್ನು ಬರೆಯುತ್ತಿದ್ದೇನೆ. ಈಗ ಹೊಸದಾಗಿ ಗುಮಾಸ್ತರಾಗಿ ಸೇರುತ್ತಿರುವವರು ಓದಿದರೆ ಸಾಕು. ಮೇಲಿನವರು ಓದುವುದಿಲ್ಲ, ಅವರಿಗೆ ಅರ್ಧ ಪುಟದ ಟಿಪ್ಪಣಿ ಮಾಡಿ ಕೊಡಬೇಕಾಗುತ್ತದೆ.

ತಾಲ್ಲೂಕು ಯಾವುದೆಂದು ಹೇಳುವುದಿಲ್ಲ. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಮೂರರ ನೀರೂ ಕುಡಿದಿದ್ದೇನೆ. ಓದಿದವರು ಇದು ಪಕ್ಕದ ತಾಲ್ಲೂಕಿನದೆಂದುಕೊಂಡು ನೆಮ್ಮದಿಯಾಗಿರಲಿ. ನನ್ನ ಹೆಸರು ಮರುಳಯ್ಯ. ತಾಲ್ಲೂಕು ಆರೋಗ್ಯಾಧಿಕಾರಿಗಳ ಕಚೇರಿಯಲ್ಲಿ ಲೆಕ್ಕ ನೋಡುವುದು ನನ್ನ ಕೆಲಸ. ಬಂದ ಅನುದಾನ ಎಷ್ಟು, ಖರ್ಚಾದದ್ದು ಎಷ್ಟು, ಉಳಿದದ್ದು ಯಾಕೆ ಉಳಿಯಿತು. ಮೂರನೆಯದಕ್ಕೆ ಉತ್ತರ ಹೇಳುವುದೇ ಕಷ್ಟ. ದುಡ್ಡು ಪೋಲಾದರೆ ಕ್ಷಮೆಯಿದೆ, ಉಳಿದರೆ ಇಲ್ಲ.

ನನಗೆ ಕೆಲಸ ಕಲಿಸಿದವರು ನರಸಿಂಹಯ್ಯನವರು ಎಂಬ ಹಳೇ ಕಾಲದ ಹೆಡ್ ಕ್ಲರ್ಕು. ಬಿಳಿ ಪಂಚೆ, ಕಿವಿಯ ಮೇಲೆ ಪೆನ್ಸಿಲು. ಸೇರಿದ ವಾರವೇ ನಾನು ಗೆರೆ ಎಳೆದು ಅಂಕಿ ತುಂಬಿದ ತಿಂಗಳ ತಃಖ್ತೆಯನ್ನು ಕೈಗೆತ್ತಿಕೊಂಡು ಮೂಗಿನ ಹತ್ತಿರ ಹಿಡಿದು ನೋಡಿದರು. ಎರಡು ಉಪಕೇಂದ್ರಗಳಿಂದ ವರದಿ ಬಂದಿರಲಿಲ್ಲ, ಹಾಗಾಗಿ ಅವುಗಳ ಹೆಸರಿನ ಮುಂದಿನ ಮನೆಗಳನ್ನು ಖಾಲಿ ಬಿಟ್ಟಿದ್ದೆ.

"ಏನಯ್ಯ ಇದು, ಹಲ್ಲು ಉದುರಿದ ಬಾಯಿ ಇದ್ದಂಗೆ ಐತೆ?"

"ವರದಿ ಬಂದಿಲ್ಲ ಸಾರ್."

"ಬರದಿದ್ರೆ ಸೊನ್ನೆ ಹಾಕು. ಖಾಲಿ ಬುಟ್ರೆ ಮೇಲಿನವ್ರು ಯಾಕೆ ಅಂತ ಕೇಳ್ತಾರೆ. ಸೊನ್ನೆ ಹಾಕಿದ್ರೆ ಯಾರೂ ಕೇಳಲ್ಲ. ಗುಮಾಸ್ತನಾಗಿ ಬಾಳಬೇಕು ಅಂದ್ರೆ ಇದೊಂದು ನೆನಪಿಟ್ಕೊ."

ಇಟ್ಟುಕೊಂಡೆ. ಅವರು ನಿವೃತ್ತರಾದರು, ತೀರಿಯೂ ಹೋದರು, ಅವರ ಸೊನ್ನೆ ಮಾತ್ರ ನನ್ನ ಕೈಯಲ್ಲಿ ಉಳಿಯಿತು. ಆಮೇಲೆ ಕಂಪ್ಯೂಟರ್ ಬಂದಾಗ ನರಸಿಂಹಯ್ಯನವರೇ ಅದರೊಳಗೆ ಹೋಗಿ ಕೂತಿದ್ದಾರೇನೋ ಅನ್ನಿಸಿತು. ಖಾಲಿ ಬಿಟ್ಟ ಮನೆ ಕೆಂಪಗಾಗುತ್ತಿತ್ತು, ಮುಂದಿನ ಪುಟಕ್ಕೆ ಬಿಡುತ್ತಿರಲಿಲ್ಲ. ಸೊನ್ನೆ ಒತ್ತಿದ ಕೂಡಲೇ ದಾರಿ ಬಿಡುತ್ತಿತ್ತು. ಬಡ್ತಿ ಸಿಕ್ಕಿದ್ದು, ತಪ್ಪಿದ್ದು ಎಲ್ಲ ಬಿಟ್ಟುಬಿಡುತ್ತೇನೆ. ಅದರಿಂದ ಯಾರಿಗೂ ಉಪಯೋಗವಿಲ್ಲ, ನನಗೂ ಆಗಲಿಲ್ಲ.

ಮಾರ್ಚ್ ತಿಂಗಳ ಬಗ್ಗೆ ಮಾತ್ರ ಹೇಳಲೇಬೇಕು. ಏಪ್ರಿಲ್‌ನಿಂದ ಫೆಬ್ರವರಿವರೆಗೆ ನಮ್ಮಲ್ಲಿ ದುಡ್ಡಿಲ್ಲ ಎನ್ನುವುದು ವಾಡಿಕೆ. ಮಾರ್ಚ್ ಮೂರನೇ ವಾರದಲ್ಲಿ ಇದ್ದಕ್ಕಿದ್ದಂತೆ ದುಡ್ಡು ತುಂಬಿ ತುಳುಕುತ್ತದೆ, ಮೂವತ್ತೊಂದರೊಳಗೆ ಮುಗಿಸದಿದ್ದರೆ ವಾಪಸು. ಒಂದು ವರ್ಷ ಹೀಗೇ ಹಣ ಉಳಿದಿತ್ತು. ಕಡತದಲ್ಲಿ ಜಯಮ್ಮ ಎನ್ನುವ ಎಎನ್ಎಂ ಸಿಸ್ಟರ್ ಬರೆದ ಅರ್ಜಿಯೊಂದಿತ್ತು. ಹಟ್ಟಿಗಳ ಕಡೆಯ ಉಪಕೇಂದ್ರದವರು ಅವರು. "ಬಿಪಿ ಗುಳಿಗೆ ಮುಗಿಯುತ್ತಾ ಬಂದಿವೆ, ಮೇಲಿನಿಂದ ಸರಬರಾಜಿಲ್ಲ, ಇಲ್ಲೇ ಕೊಳ್ಳಲು ಅನುಮತಿ ಕೊಡಿ" ಎಂದಿತ್ತು. ಅದನ್ನು ನಾನೇ ಸಾಹೇಬರ ಮುಂದಿಟ್ಟೆ. ಸಾಹೇಬರೆಂದರೆ ಆಗಿನ ನಮ್ಮ ತಾಲ್ಲೂಕು ಆರೋಗ್ಯಾಧಿಕಾರಿಗಳು, ಕೆಟ್ಟವರಲ್ಲ, ಫೋಟೊ ಅಂದರೆ ಸ್ವಲ್ಪ ಪ್ರೀತಿ.

"ಔಷಧಿಗೆ ಮೂರು ಕೊಟೇಶನ್ ಬೇಕಲ್ರೀ ಮರುಳಯ್ಯ. ಎಲ್ಲಿದೆ ಟೈಮು?"

"ಮೂರು ದಿನ ಇದೆ ಸಾರ್."

"ಮೂರು ದಿನಕ್ಕೆ ಏನಾಗುತ್ತೆ? ಜನಜಾಗೃತಿ ಮಾಡ್ಬುಡಿ."

ಜನಜಾಗೃತಿ ಎಂದರೆ ಫ್ಲೆಕ್ಸು. ಅದಕ್ಕೆ ಕೊಟೇಶನ್ ಬೇಡ, ಒಂದು ಫೋನು ಸಾಕು. ಮೂವತ್ತನೇ ತಾರೀಖು ಬೆಳಿಗ್ಗೆ ಹೇಳಿದ್ದು, ಮಧ್ಯಾಹ್ನದ ಊಟದ ಹೊತ್ತಿಗೆ ಗಾಡಿಯಲ್ಲಿ ಬಂದು ಬಿತ್ತು. "ರಕ್ತದೊತ್ತಡ ಸುಮ್ಮನೆ ಕೊಲ್ಲುವ ಶತ್ರು, ದಿನವೂ ತಪ್ಪದೆ ಗುಳಿಗೆ ನುಂಗಿ" ಎಂದು ಆಳೆತ್ತರದ ಅಕ್ಷರ, ಪಕ್ಕದಲ್ಲಿ ಕೈಮುಗಿದು ನಿಂತ ಸಾಹೇಬರು. ನಾನು ಬಿಲ್ಲು ಬರೆದೆ, ಹಣ ಬಳಕೆಯಾಗಿದೆ ಎಂದು ಪ್ರಮಾಣಪತ್ರ ಬರೆದೆ. ಎರಡು ವಾರ ಕಳೆದು ಕಂದಿಕೆರೆ ಕಡೆ ನೆಂಟರ ಮನೆಗೆ ಹೋಗುವಾಗ ನೋಡಿದರೆ ನಮ್ಮ ಫ್ಲೆಕ್ಸುಗಳು ಆಗಲೇ ಕೆಲಸಕ್ಕೆ ಹತ್ತಿದ್ದವು. ಅಂಗಳದಲ್ಲಿ ರಾಶಿ ಹಾಕಿದ ತೆಂಗಿನಕಾಯಿಯ ಮೇಲೆ ಅಂಗಾತ ಮಲಗಿ ಸಾಹೇಬರು ಆಕಾಶಕ್ಕೆ ಕೈ ಮುಗಿಯುತ್ತಿದ್ದರು. ಅವತ್ತು ಸಂಜೆ ಮಳೆ ಹೊಯ್ದಿತು, ಕಾಯಿ ನೆನೆಯಲಿಲ್ಲ. ಈ ಕಥೆಯನ್ನು ಕಚೇರಿಯಲ್ಲಿ ಎಷ್ಟೋ ಸಲ ಹೇಳಿ ನಗಿಸಿದ್ದೇನೆ. ಆ ಖರ್ಚಿನಿಂದ ಸಿಕ್ಕ ಫಲ ಅದೊಂದೇ ಎನ್ನುತ್ತಿದ್ದೆ. ಆಗ ನನಗೆ ಗೊತ್ತಿದ್ದದ್ದು ಅಷ್ಟೇ.

ಮುಂದಿನ ವರ್ಷ ಹೊಸ ಪದ್ಧತಿ ಬಂತು. ಬಜೆಟ್ ಎಂದರೆ ಬರೀ ಖರ್ಚಲ್ಲ, ಖರ್ಚಿಗೆ ತಕ್ಕ ಆರೋಗ್ಯ ಜನರಿಗೆ ಸಿಕ್ಕಿತೇ ಎಂದು ಕೇಂದ್ರವಾರು ತೋರಿಸಬೇಕು ಎಂದು ಸುತ್ತೋಲೆ. ಅದನ್ನು ವಿವರಿಸಲು ಬೆಂಗಳೂರಿನಿಂದ ಒಬ್ಬ ಸಲಹೆಗಾರರು ಬಂದರು. ಇನ್ನೂ ಮೂವತ್ತು ದಾಟದ ವಯಸ್ಸು, ಎಲ್ಲರಿಗೂ ಸಾರ್ ಸಾರ್ ಎನ್ನುವ ಮರ್ಯಾದಸ್ಥ. "ಸಾರ್, ಈ ದುಡ್ಡಿನಿಂದ ಯಾರ ಆರೋಗ್ಯ ಎಷ್ಟು ಸುಧಾರಿಸಿತು?" ಎಂದು ನನ್ನನ್ನೇ ನೋಡಿ ಕೇಳಿದರು. ಅಷ್ಟು ವರ್ಷದಲ್ಲಿ ಆ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ. ಪ್ರಶ್ನೆ ನೂರಕ್ಕೆ ನೂರು ಸರಿಯಾಗಿತ್ತು, ಉತ್ತರ ಬರೆಯಲು ಕೂತವನು ನಾನಾದದ್ದೇ ತಪ್ಪು.

ತಃಖ್ತೆ ಸರಳವಾಗಿತ್ತು. ಎಡಗಡೆ ಪ್ರತಿ ಉಪಕೇಂದ್ರದ ಖರ್ಚು. ಬಲಗಡೆ ಬಿಪಿ ರೋಗಿಗಳು ಎಷ್ಟು, ಲಕ್ವ ಹೊಡೆದವರು ಎಷ್ಟು, ಸತ್ತವರು ಎಷ್ಟು. ಕಡಿಮೆ ಖರ್ಚಿನಲ್ಲಿ ಕಡಿಮೆ ಕಾಯಿಲೆ ಇದ್ದವರು ಮೇಲೆ, ಜಾಸ್ತಿ ಖರ್ಚಿನಲ್ಲಿ ಜಾಸ್ತಿ ಕಾಯಿಲೆ ಇದ್ದವರು ಕೆಳಗೆ. ನಾನು ಅಂಕಿಗಳನ್ನು ತುಂಬಿದೆ, ಬರದ ವರದಿಗಳಿಗೆ ಅಭ್ಯಾಸದಂತೆ ಸೊನ್ನೆ ಒತ್ತಿದೆ. ಕಂಪ್ಯೂಟರ್ ಕ್ಷಣದಲ್ಲಿ ರ‍್ಯಾಂಕ್ ಕೊಟ್ಟಿತು.

ಮೊದಲನೇ ರ‍್ಯಾಂಕ್ ಬಂದ ಉಪಕೇಂದ್ರದಲ್ಲಿ ಎರಡು ವರ್ಷದಿಂದ ಸಿಸ್ಟರೇ ಇರಲಿಲ್ಲ. ಹುದ್ದೆ ಖಾಲಿ, ಬೀಗ ಜಡಿದಿತ್ತು. ಖರ್ಚು ಸೊನ್ನೆ, ಬಿಪಿ ಸೊನ್ನೆ, ಲಕ್ವ ಸೊನ್ನೆ, ಸಾವು ಸೊನ್ನೆ. ಇಡೀ ತಾಲ್ಲೂಕಿನಲ್ಲಿ ಅಷ್ಟು ಗಟ್ಟಿಮುಟ್ಟಾದ ಊರು ಇನ್ನೊಂದಿರಲಿಲ್ಲ. ಕೊನೆಯ ರ‍್ಯಾಂಕ್ ಜಯಮ್ಮನವರದು. ಖರ್ಚೂ ಅವರದೇ ಹೆಚ್ಚು, ರೋಗಿಗಳೂ ಅವರಲ್ಲೇ ಹೆಚ್ಚು.

ಸಭೆಯಲ್ಲಿ ಚಪ್ಪಾಳೆ ಬಿತ್ತು. ಮೊದಲ ರ‍್ಯಾಂಕಿನ ಉಪಕೇಂದ್ರಕ್ಕೆ ಪ್ರಶಸ್ತಿ ಪತ್ರ ಕೊಡಬೇಕು, ತೆಗೆದುಕೊಳ್ಳಲು ಅಲ್ಲಿ ಜನವೇ ಇಲ್ಲ. ಸಾಹೇಬರೇ ತೆಗೆದುಕೊಂಡು ಫೋಟೊ ಹೊಡೆಸಿಕೊಂಡರು. ನನಗೂ ಒಂದು ಶಾಲು ಬಂತು. ತೆಂಗಿನ ಸೀಮೆಯಲ್ಲಿ ಸನ್ಮಾನಕ್ಕೆ ಕೊಬ್ಬರಿ ಹಾರ ಹಾಕುವುದುಂಟು, ಅದನ್ನೂ ಹಾಕಿದರು. ಮನೆಯಲ್ಲಿ ಹದಿನೈದು ದಿನ ಅದೇ ಕೊಬ್ಬರಿ ತುರಿದು ಉಂಡೆವು.

ಆ ವಾರವೇ ಸಾಹೇಬರು ಹೇಳಿ ಬರೆಸಿದ ಟಿಪ್ಪಣಿಯನ್ನು ನಾನು ಟೈಪ್ ಮಾಡಿದೆ. "ಖರ್ಚಿಗೆ ತಕ್ಕ ಫಲಿತಾಂಶ ಕಾಣದಿರುವುದರಿಂದ ಸದರಿ ಉಪಕೇಂದ್ರವನ್ನು ಮುಚ್ಚಿ, ಸಿಬ್ಬಂದಿಯನ್ನು ಬೇರೆಡೆ ನಿಯೋಜಿಸಬಹುದು." ಮುಚ್ಚಿದರೆ ಹಟ್ಟಿಯವರು ಗುಳಿಗೆಗಾಗಿ ಹನ್ನೊಂದು ಕಿಲೋಮೀಟರ್ ಹೋಗಬೇಕು, ಬಸ್ಸು ದಿನಕ್ಕೊಂದು. ಅದು ನನಗೆ ಗೊತ್ತಿತ್ತು. ಟೈಪ್ ಮಾಡುವಾಗ ಕಾಗುಣಿತ ಸರಿಯಾಗಿದೆಯೇ ಎಂದಷ್ಟೇ ನೋಡಿದೆ.

ಸುದ್ದಿ ಕೇಳಿ ಜಯಮ್ಮನವರು ಕಚೇರಿಗೆ ಬಂದರು. ಐವತ್ತರ ಹತ್ತಿರದ ಹೆಂಗಸು, ಬಿಸಿಲಿಗೆ ಕಂದಿದ ಮುಖ, ಸ್ಕೂಟರ್ ಓಡಿಸಿ ಓಡಿಸಿ ಕೈಬೆರಳು ಗಂಟುಕಟ್ಟಿದ್ದವು. ಕೂರಿ ಎಂದರೆ ಕೂರಲಿಲ್ಲ.

"ನನ್ನತ್ರ ಬಿಪಿಯವ್ರು ಜಾಸ್ತಿ ಅಂತ ಬರ್ದಿದೀರಂತೆ."

"ನೀವೇ ಕಳಿಸಿದ ಲೆಕ್ಕ ಕಣಮ್ಮ."

"ನಾನು ಮನೆಮನೆಗೆ ಹೋಗಿ ತೋಳಿಗೆ ಪಟ್ಟಿ ಕಟ್ಟಿ ನೋಡಿದ್ದಕ್ಕೆ ಜಾಸ್ತಿ ಸಿಕ್ರು ಕಣ್ರೀ. ನೋಡ್ದೆ ಇದ್ದಿದ್ರೆ ನನಗೂ ಫಸ್ಟ್ ರ‍್ಯಾಂಕ್ ಬರ್ತಿತ್ತು. ಅದಿರ್ಲಿ, ಆ ಊರಲ್ಲಿ ಸೊನ್ನೆ ಅಂತ ನಿಮಗೆ ಹೇಳ್ದೋರು ಯಾರು?"

"ಯಾರೂ ಹೇಳಲಿಲ್ಲ. ವರದಿ ಬರಲಿಲ್ಲ, ಅದಕ್ಕೆ..."

"ಅದಕ್ಕೆ ಸೊನ್ನೆ ಹಾಕ್ದ್ರಾ?" ಅವರು ಬಾಗಿಲ ಕಡೆ ತಿರುಗಿದರು. "ಬನ್ನಿ, ನೀವು ವಾಸಿ ಮಾಡಿರೋ ಊರ್ನ ನೋಡ್ಕೊಂಡು ಬರೋಣ."

ಆ ಧ್ವನಿಗೆ ಇಲ್ಲ ಎನ್ನಲಾಗಲಿಲ್ಲ. ಮಧ್ಯಾಹ್ನದ ರಜೆ ಬರೆದಿಟ್ಟು ಅವರ ಸ್ಕೂಟರಿನ ಹಿಂದೆ ಕೂತೆ. ಮೊದಲನೇ ರ‍್ಯಾಂಕಿನ ಉಪಕೇಂದ್ರದ ಬೀಗದ ಕೈ ಪಕ್ಕದ ಮನೆಯವರ ಹತ್ತಿರವಿತ್ತು. ಬಾಗಿಲು ತೆಗೆದರೆ ಒಳಗೆ ನೆಲದಿಂದ ಕಿಟಕಿಯವರೆಗೆ ಕಾಯಿ. ಹೆರಿಗೆ ಮಂಚದ ಮೇಲೂ ಕಾಯಿ. "ಸುಮ್ಕೆ ಖಾಲಿ ಬಿದ್ದಿತ್ತಲ್ಲಾ ಸಾರ್, ಕಾಯಿ ಹಾಕ್ಕೊಂಡಿದೀವಿ. ನೀವು ಬರಂಗಿದ್ರೆ ತೆಗೀತೀವಿ ಬುಡಿ" ಎಂದರು ಆ ಮನೆಯ ಯಜಮಾನರು ಸಂಕೋಚದಿಂದ. ನಾನು ತೆಗೆಯಿರಿ ಎನ್ನಲಿಲ್ಲ. ಆ ಕಟ್ಟಡ ಉಪಯೋಗಕ್ಕೆ ಬಂದದ್ದೇ ಆ ಎರಡು ವರ್ಷದಲ್ಲಿ.

ಜಯಮ್ಮನವರು ಅಲ್ಲೇ ಜಗಲಿಯ ಮೇಲೆ ಚೀಲ ಬಿಚ್ಚಿ ಕೂತರು. ಬಂದವರಿಗೆಲ್ಲ ತೋಳಿಗೆ ಪಟ್ಟಿ ಕಟ್ಟಿ ನೋಡತೊಡಗಿದರು. ಏಳನೆಯವರು ಮುಗಿಯುವ ಹೊತ್ತಿಗೆ ಐವರ ಬಿಪಿ ಏರಿತ್ತು. ಅವರಲ್ಲಿ ಯಾರಿಗೂ ಅದು ಗೊತ್ತಿರಲಿಲ್ಲ. ಎಂಟನೆಯವರನ್ನು ಜಗಲಿಗೆ ಕರೆತರಲಾಗಲಿಲ್ಲ, ನಾವೇ ಅವರ ಮನೆಗೆ ಹೋದೆವು. ನನ್ನ ವಯಸ್ಸಿನವರೇ ಒಬ್ಬ ಹೆಂಗಸು ಚಾಪೆಯ ಮೇಲೆ ಮಲಗಿದ್ದರು, ಬಾಯಿ ಒಂದು ಕಡೆ ಸೊಟ್ಟ, ಬಲಗೈ ಸ್ವಾಧೀನವಿಲ್ಲ. ಸೊಸೆ ಗಂಜಿ ಕುಡಿಸುತ್ತಿದ್ದಳು. "ಯುಗಾದಿ ಹಿಂದಿನ ವಾರ ಹಿಂಗಾಯ್ತು" ಎಂದಳು. ನನ್ನ ತಃಖ್ತೆಯಲ್ಲಿ ಈಕೆಯ ಮನೆ ಸೊನ್ನೆ. ನನಗೆ ಹಾಕಿದ ಕೊಬ್ಬರಿ ಹಾರ ಈಕೆಯದು ಎಂದು ಅವತ್ತು ಅನ್ನಿಸಿತು. ನಾಚಿಕೆಯಾಯಿತು ಎಂದರೆ ಕಡಿಮೆ ಹೇಳಿದಂತೆ.

ಹೊರಗೆ ಬಂದು, "ನಿಮ್ಮಲ್ಲಿ ಗುಳಿಗೆ ಕೊಟ್ಟಿದ್ದರಿಂದ ಬಿಪಿ ಇಳಿದಿದೆ ಅಂತ ತೋರಿಸೋಕೆ ಏನಾದರೂ ಇದೆಯೇನಮ್ಮ? ನಮ್ಮ ತಃಖ್ತೆಯಲ್ಲಿ ಇಳಿದದ್ದಕ್ಕೆ ಮನೆಯೇ ಇಲ್ಲ" ಎಂದೆ.

"ಐತೆ. ಆದ್ರೆ ಏಣಿ ಹತ್ಬೇಕಾಗುತ್ತೆ, ಆಗುತ್ತಾ?"

ನಮ್ಮ ಕಡೆ ಕೊಬ್ಬರಿ ಮಾಡುವ ಕ್ರಮ ಗೊತ್ತಿಲ್ಲದವರಿಗೆ ಹೇಳುತ್ತೇನೆ. ಬಲಿತ ಕಾಯಿಯನ್ನು ಸಿಪ್ಪೆ ಸಮೇತ ಅಟ್ಟಕ್ಕೆ ಹಾಕಿ ಹೆಚ್ಚುಕಡಿಮೆ ವರ್ಷ ಬಿಡುತ್ತೇವೆ. ಒಳಗಿನ ನೀರೆಲ್ಲ ಆರಿ, ಅಲ್ಲಾಡಿಸಿದರೆ ಕೊಬ್ಬರಿ ಗಿಟುಕು ಉರುಳುವ ಸದ್ದು ಬಂದಮೇಲೆ ಸುಲಿಯುವುದು. ಯಾವ ತಿಂಗಳು ಹಾಕಿದೆವೆಂದು ಮರೆಯದಿರಲು ಅಟ್ಟದ ತೊಲೆಯ ಮೇಲೆ ಇದ್ದಿಲಿನಲ್ಲಿ ಗುರುತು ಬರೆದಿಡುತ್ತಾರೆ. ಜಯಮ್ಮನವರು ಮೊದಲು ಬಿಪಿ ಕಾರ್ಡು ಕೊಟ್ಟು ನೋಡಿದ್ದರಂತೆ. ಕೆಲವು ಒಲೆಗೆ ಹೋದವು, ಕೆಲವನ್ನು ಮೇಕೆಗಳು ತಿಂದವು. ಕೊನೆಗೆ, ಯಾರೂ ಕಳೆಯದ, ಯಾವ ಮೇಕೆಗೂ ಎಟುಕದ ಜಾಗ ಅದೊಂದೇ ಎಂದು ಗೊತ್ತಾಗಿ, ಕಾಯಿಯ ಗುರುತಿನ ಕೆಳಗೇ ಪ್ರತಿ ತಿಂಗಳ ಬಿಪಿಯನ್ನೂ ಬರೆಸಿದ್ದರು. ಕಾಯಿ ನೋಡಲು ಅಟ್ಟ ಹತ್ತಿದವರು ತಮ್ಮ ಅಂಕಿಯನ್ನೂ ನೋಡಿಕೊಂಡು ಇಳಿಯುತ್ತಿದ್ದರು.

ಮೂರು ದಿನ ರಜೆ ಹಾಕಿ ಹಟ್ಟಿಯ ಅಟ್ಟಗಳನ್ನು ಹತ್ತಿದೆ. ಕತ್ತು ಹಿಂದಕ್ಕೆ ಬಾಗಿಸಿ, ಬಾಯಿಗೆ ಸಿಪ್ಪೆಯ ಧೂಳು ಬಿದ್ದು ಕೆಮ್ಮುತ್ತಾ, ಅಂಕಿ ಕೂಗುತ್ತಿದ್ದೆ. ಕೆಳಗೆ ನಿಂತು ಜಯಮ್ಮನವರು ಬರೆದುಕೊಳ್ಳುತ್ತಿದ್ದರು. ನೂರ ಎಂಬತ್ತು, ನೂರ ಅರವತ್ತು, ನೂರ ನಲವತ್ತು, ನೂರ ಮೂವತ್ತು. ಮನೆ ಬದಲಾದರೂ ಅಂಕಿ ಇಳಿಯುವ ದಾರಿ ಒಂದೇ. ಇಷ್ಟು ವರ್ಷ ನಾನು ಕಟ್ಟಿದ ಕಡತಗಳಲ್ಲಿ ಕಾಣದ ಫಲ ಅಲ್ಲಿ ತೊಲೆಯ ಮೇಲಿತ್ತು. ನನಗೆ ಹುರುಪು ಬಂತು, ಮೊಣಕಾಲು ನೋವೂ ಮರೆತುಹೋಯಿತು.

ಎರಡನೇ ದಿನ ಒಂದು ವಿಷಯ ಕಣ್ಣಿಗೆ ಬಿತ್ತು. ಹಿಂದಿನ ವರ್ಷದ ಏಪ್ರಿಲ್, ಮೇ, ಜೂನ್‌ನಲ್ಲಿ ಎಲ್ಲ ತೊಲೆಗಳಲ್ಲೂ ಅಂಕಿ ಒಟ್ಟಿಗೇ ಮೇಲೆ ಹತ್ತಿತ್ತು. ಜುಲೈ ಆದಮೇಲೆ ಮತ್ತೆ ಇಳಿದಿತ್ತು.

"ಇದೇನಮ್ಮ, ಆ ಮೂರು ತಿಂಗಳು ಏನಾಗಿತ್ತು?"

"ಗುಳಿಗೆ ಇರ್ಲಿಲ್ಲ. ಅರ್ಜಿ ಹಾಕಿದ್ದೆ. ನಿಮಗೆ ನೆನಪಿಲ್ವಾ?"

ನೆನಪಿತ್ತು. ಏಣಿಯ ಮೇಲೆ ನಿಂತವನಿಗೆ ಇಳಿಯಲೂ ಆಗಲಿಲ್ಲ, ಹತ್ತಲೂ ಆಗಲಿಲ್ಲ.

ಕೊನೆಯ ಮನೆ ಜುಂಜಣ್ಣ ಎನ್ನುವವರದು. ಕುರಿ ಸಾಕಿಕೊಂಡು, ಮನೆ ಹಿಂದೆ ಒಂದಿಷ್ಟು ತೆಂಗು ಇಟ್ಟುಕೊಂಡಿದ್ದ ಕುಟುಂಬ. ಅವರ ಹೆಂಡತಿ ಚಿತ್ತಮ್ಮ ಏಣಿ ಹಿಡಿದುಕೊಂಡರು. ತೊಲೆಯ ಮೇಲೆ ಏಪ್ರಿಲ್‌ನಲ್ಲಿ ನೂರ ಐವತ್ತು, ಮೇನಲ್ಲಿ ನೂರ ಎಪ್ಪತ್ತು, ಜೂನ್‌ನಲ್ಲಿ ನೂರ ತೊಂಬತ್ತಾರು. ಅಲ್ಲಿಂದ ಮುಂದೆ ಬರೀ ಮರ.

"ಮುಂದಿಂದು ಯಾಕೆ ಬರೆದಿಲ್ಲ?" ಎಂದು ಮೇಲಿನಿಂದಲೇ ಕೇಳಿದೆ.

"ಯಾರ್ದು ಬರೆಸ್ಲಿ ಸ್ವಾಮಿ? ಕುರಿ ಹೊಡ್ಕೊಂಡು ಬಂದು ನೀರು ಕೊಡೇ ಅಂದ್ರು. ನಾನು ಚೊಂಬು ತರೋ ಹೊತ್ಗೆ ಬಿದ್ದಿದ್ರು" ಎಂದರು ಚಿತ್ತಮ್ಮ. "ಆ ಜಾಗ ಹಂಗೇ ಬುಟ್ಟಿದೀನಿ."

ಕಚೇರಿಗೆ ಬಂದು ಹೊಸ ತಃಖ್ತೆ ಮಾಡಿದೆ. ಪ್ರತಿ ರೋಗಿಯ ಈಗಿನ ಬಿಪಿ ಎಷ್ಟು, ಹತೋಟಿಯಲ್ಲಿದೆಯೇ ಎಂದು ಒಂದು ಪುಟ. ಜುಂಜಣ್ಣನವರ ಸಾಲು ಬಂತು, ಖಾಲಿ ಬಿಟ್ಟೆ, ಕೆಂಪಗಾಯಿತು. ಬೆರಳು ತನ್ನಷ್ಟಕ್ಕೇ ಸೊನ್ನೆ ಒತ್ತಿತು. ಕೂಡಲೇ ಸಾಲು ಹಸಿರಾಗಿ, ಪಕ್ಕದಲ್ಲಿ "ಹತೋಟಿಯಲ್ಲಿದೆ" ಎಂದು ಬಂತು. ನೂರ ನಲವತ್ತಕ್ಕಿಂತ ಕಡಿಮೆ ಇದ್ದವರೆಲ್ಲ ಹತೋಟಿಯಲ್ಲಿರುವವರು, ಸೊನ್ನೆ ಅದಕ್ಕಿಂತ ಕಡಿಮೆಯೇ ತಾನೆ? ಜಯಮ್ಮನವರ ರ‍್ಯಾಂಕು ಅಷ್ಟರಮಟ್ಟಿಗೆ ಮೇಲೂ ಬಂತು. ಕಂಪ್ಯೂಟರಿನ ಪ್ರಕಾರ ಇಡೀ ಹಟ್ಟಿಯಲ್ಲಿ ಜುಂಜಣ್ಣನಷ್ಟು ಆರೋಗ್ಯವಂತ ಇನ್ನೊಬ್ಬನಿರಲಿಲ್ಲ. ಸೊನ್ನೆ ಅಳಿಸಿದೆ. ನರಸಿಂಹಯ್ಯನವರ ಮಾತನ್ನು ಮೀರಿದ್ದು ಅದೇ ಮೊದಲು. ಕೆಂಪು ಹೋಗಲಿಲ್ಲ, ಪುಟ ಮುಂದಕ್ಕೆ ಹೋಗಲಿಲ್ಲ. ಎಲ್ಲವನ್ನೂ ಕೈಯಲ್ಲಿ ಬರೆದು ಸಾಹೇಬರ ಮುಂದಿಟ್ಟೆ.

"ಅಟ್ಟದ ತೊಲೇನ ದಾಖಲೆ ಅಂತ ಯಾರ್ರೀ ಒಪ್ತಾರೆ? ತೊಲೆಗೆ ಸೀಲ್ ಇದೆಯೇನ್ರೀ?"

ಸೀಲ್ ಇರಲಿಲ್ಲ. ಆದರೆ ಅವತ್ತು ಸಲಹೆಗಾರರೂ ಅಲ್ಲಿದ್ದರು. ಕಾಗದಗಳನ್ನು ಒಂದೊಂದಾಗಿ ತಿರುವಿ, "ಸಾರ್, ನಾನು ಕೇಳಿದ್ದು ಇದನ್ನೇ" ಎಂದರು ಮೆಲ್ಲಗೆ. ಆಮೇಲೆ ಮೂರು ತಿಂಗಳು ಕಡತ ಓಡಾಡಿತು. ಉಪಕೇಂದ್ರ ಮುಚ್ಚುವ ಪ್ರಸ್ತಾವನೆಯನ್ನು "ಮುಂದಿನ ಆದೇಶದವರೆಗೆ ತಡೆಹಿಡಿಯಲಾಗಿದೆ" ಎಂದು ಪತ್ರ ಬಂತು. ಮುಂದಿನ ಆದೇಶ ಇವತ್ತಿಗೂ ಬಂದಿಲ್ಲ, ಜಯಮ್ಮನವರು ಅಲ್ಲೇ ಇದ್ದಾರೆ. ಮೊದಲ ರ‍್ಯಾಂಕಿನ ಪ್ರಶಸ್ತಿ ಪತ್ರವೂ ಗೋಡೆಯ ಮೇಲೆ ಹಾಗೇ ಇದೆ. ಕೊಟ್ಟ ಪ್ರಶಸ್ತಿಯನ್ನು ವಾಪಸು ಪಡೆಯಲು ನಮೂನೆ ಇಲ್ಲವಂತೆ.

ನಿವೃತ್ತನಾದ ತಿಂಗಳು ಹಟ್ಟಿಗೆ ಹೋದೆ, ಸಿಸ್ಟರ್ ಎಲ್ಲಿಗೂ ಹೋಗುವುದಿಲ್ಲ ಎಂದು ಹೇಳಲು. ಅವರಿಗೆಲ್ಲ ಅದು ಯಾವಾಗಲೋ ಗೊತ್ತಿತ್ತು, ನನಗೆ ಹೋಗಲು ಒಂದು ನೆಪ ಬೇಕಿತ್ತು. ಚಿತ್ತಮ್ಮ ಮಜ್ಜಿಗೆ ತಂದುಕೊಟ್ಟು ಎದುರಿಗೆ ಕೂತರು.

"ಅವತ್ತು ಅಷ್ಟೊಂದು ಬರ್ಕೊಂಡು ಹೋದ್ರಲ್ಲ ಸ್ವಾಮಿ, ನಮ್ಮ ಯಜಮಾನ್ರುದು ಏನಂತ ಬರುದ್ರಿ?"

"ಗುಳಿಗೆ ಸರಬರಾಜು ಇರಲಿಲ್ಲ, ಅದರಿಂದ ಹೀಗಾಯಿತು ಅಂತ ಬರೆದೆನಮ್ಮ."

"ಯಾಕೆ ಇರ್ಲಿಲ್ಲ ಅಂತ ಬರುದ್ರಾ?"

ಮಜ್ಜಿಗೆ ಲೋಟ ಕೆಳಗಿಟ್ಟೆ. ಅವರ ಬೆನ್ನ ಹಿಂದೆ ಅಂಗಳದಲ್ಲಿ ಕಾಯಿಯ ರಾಶಿ, ಅದರ ಮೇಲೆ ಬಣ್ಣ ಮಾಸಿದ ನಮ್ಮ ಫ್ಲೆಕ್ಸು. ದಿನವೂ ತಪ್ಪದೆ ಗುಳಿಗೆ ನುಂಗಿ ಎನ್ನುವ ಅಕ್ಷರ ಇನ್ನೂ ಓದಲು ಬರುತ್ತಿತ್ತು. ಚಿತ್ತಮ್ಮನವರಿಗೆ ಓದು ಬಾರದು.

ಆ ವರದಿಯಲ್ಲಿ ಅದನ್ನು ಬರೆದಿರಲಿಲ್ಲ. ಗುಳಿಗೆಗೆ ಆಗಬೇಕಿದ್ದ ದುಡ್ಡಿಗೆ ಫ್ಲೆಕ್ಸ್ ತರಿಸಿದೆವು, ಬಿಲ್ಲು ಬರೆದವನು ನಾನು. ಇಲ್ಲಿ ಬರೆದಿದ್ದೇನೆ. ಇನ್ನೊಂದು ಸಲ ಹಟ್ಟಿಗೆ ಹೋಗಿ ಇದನ್ನು ಅವರಿಗೆ ಓದಿ ಹೇಳಬೇಕು.